ಕಣ್ಣಿನ ಹಿಂಗೋಡೆ ಮತ್ತು ಜೇಬಿನ ಕ್ಯಾಮೆರಾ

ನಮ್ಮ ಸೀಮೆಯ ಹಿರಿಯರಿಗೆ ಕಣ್ಣಿನ ಡಾಕ್ಟರು ಎಂದರೆ ಇಂದಿಗೂ ನೆನಪಾಗುವವರು ಡಾ. ಎಂ.ಸಿ. ಮೋದಿ. ಊರೂರಿಗೆ ಹೋಗಿ ಶಿಬಿರ ಹೂಡಿ, ಸಾಲಾಗಿ ಮಲಗಿಸಿದ ಬಡವರ ಕಣ್ಣಿನ ಪೊರೆ ತೆಗೆಯುತ್ತಿದ್ದ ಅವರು 1993ರ ಫೆಬ್ರುವರಿಯ ಹೊತ್ತಿಗೆ 46,120 ಹಳ್ಳಿಗಳನ್ನು ಸುತ್ತಿ 6,10,564 ಶಸ್ತ್ರಚಿಕಿತ್ಸೆ ಮಾಡಿದ್ದರೆಂದು ಗಿನ್ನೆಸ್ ಪುಸ್ತಕ ದಾಖಲಿಸಿದೆ. 2005ರಲ್ಲಿ ಅವರು ತೀರಿಕೊಂಡರು. ಅವರು ಜೀವಮಾನವಿಡೀ ಸೆಣಸಿದ ಪೊರೆಗೆ ಒಂದು ಗುಣವಿದೆ. ಬಲಿತ ಮೇಲೆ ಅದು ಪಾಪೆಯಲ್ಲೇ ಬೆಳ್ಳಗೆ ಕಾಣುತ್ತದೆ. ಟಾರ್ಚು ಹಿಡಿದರೆ ಸಾಕು.

ಇಂದು ಹಳ್ಳಿಗಳಲ್ಲಿ ಹರಡುತ್ತಿರುವ ಸಕ್ಕರೆ ಕಾಯಿಲೆ ಅಷ್ಟು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ನಲವತ್ತು ದಾಟಿದ ಮಧುಮೇಹಿಗಳಲ್ಲಿ ಹೆಚ್ಚು ಕಡಿಮೆ ಎಂಟಕ್ಕೆ ಒಬ್ಬರ ರೆಟಿನಾ ಕೆಟ್ಟಿರುತ್ತದೆ ಎಂದು 2022ರ ಇನ್ನೊಂದು ಅಧ್ಯಯನ ತಿಳಿಸಿತು. ಕಣ್ಣಿನ ಹಿಂಗೋಡೆಯ ಸೂಕ್ಷ್ಮ ರಕ್ತನಾಳಗಳು ಉಬ್ಬಿ, ಸೋರಿ, ಕೊನೆಗೆ ಒಡೆಯುವವರೆಗೂ ರೋಗಿಗೆ ನೋವಿಲ್ಲ, ಮಂಜಿಲ್ಲ. ಹೋದ ದೃಷ್ಟಿ ಬಹುಪಾಲು ಮರಳುವುದಿಲ್ಲ.

ಹರಿಹರ ತಾಲ್ಲೂಕಿನ ಕೊಂಡಜ್ಜಿಯನ್ನು ಹೊರಗಿನವರು ಬಲ್ಲದ್ದು ಅದರ ಕೆರೆ, ಗುಡ್ಡ ಮತ್ತು ಸ್ಕೌಟ್ಸ್ ಶಿಬಿರ ಕೇಂದ್ರದಿಂದ. ನನಗೆ ಅದು ಸೋದರಮಾವನ ಊರು. ಮಾವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಕಣ್ಣು ತೋರಿಸೋಣ ಎಂದಾಗಲೆಲ್ಲ ಒಂದೇ ಉತ್ತರ: 'ಕಾಣ್ತೈತಲ್ಲಪ್ಪ, ಮತ್ಯಾಕೆ ಡಾಕ್ಟ್ರು?' ದಾವಣಗೆರೆ ಅವರಿಗೆ ದೂರವೇನಲ್ಲ. ಆದರೆ ಪಾಪೆ ಅಗಲಿಸುವ ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ. ಬೈಕು ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕು. ಇಬ್ಬರ ಒಂದು ದಿನದ ದುಡಿಮೆ ಹೋಯಿತೆಂದೇ ಲೆಕ್ಕ. ಕೂಲಿಯವರ ಮನೆಯಲ್ಲಿ ಈ ಲೆಕ್ಕ ಇನ್ನೂ ಕಠೋರ.

ಇಲ್ಲಿಗೇ ಮೊಬೈಲು ಬೇಕಾಗುವುದು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಜೀವಂತ ರೆಟಿನಾವನ್ನು ನೋಡಿಸಿದ ಉಪಕರಣದ ತಂತ್ರ ಸರಳ. ಬೆಳಕು ಒಳಹೋಗುವ ದಾರಿಯಲ್ಲೇ ನೋಟವೂ ಹೋಗಬೇಕು. ಮೊಬೈಲಿನ ಫ್ಲ್ಯಾಶ್ ಕ್ಯಾಮೆರಾದ ಪಕ್ಕದಲ್ಲೇ ಇರುವುದರಿಂದ ಆ ಕೆಲಸಕ್ಕೆ ಅದು ಒದಗಿಬರುತ್ತದೆ. ಕಣ್ಣಿನ ಮುಂದೆ 20 ಡಯಾಪ್ಟರಿನ ಮಸೂರವೊಂದನ್ನು ಹಿಡಿದು, ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದರೆ ರೆಟಿನಾ ತಲೆಕೆಳಗಾಗಿ ಮೂಡುತ್ತದೆ. ಅಮೆರಿಕದ ವೈದ್ಯರು ಇದನ್ನು 2013ರಲ್ಲಿ ವಿವರಿಸಿ ಬರೆದರು. ಕೈ ನಡುಗದೆ ಹಿಡಿಯಲು ಅಭ್ಯಾಸ ಬೇಕು, ಅಷ್ಟೆ. ಬೆಂಗಳೂರಿನ ರೆಮಿಡಿಯೊ ಸಂಸ್ಥೆ ಮೊಬೈಲು ಕೂರಿಸುವ, ಮಸೂರ ಮತ್ತು ಬೆಳಕನ್ನು ಜೋಡಿಸಿದ ಉಪಕರಣವನ್ನೇ ತಯಾರಿಸಿತು. ಚೆನ್ನೈನಲ್ಲಿ 301 ಮಧುಮೇಹಿಗಳ ಮೇಲೆ ಅದನ್ನು ಒರೆಗೆ ಹಚ್ಚಿ 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ದೊಡ್ಡ ಆಸ್ಪತ್ರೆಯ ಕ್ಯಾಮೆರಾ ಗುರುತಿಸಿದ ರೆಟಿನಾ ರೋಗದಲ್ಲಿ ನೂರಕ್ಕೆ ಸುಮಾರು 93ನ್ನು ಈ ಮೊಬೈಲೂ ಗುರುತಿಸಿತ್ತು.

ಫೋಟೊ ಓದುವವರು ಯಾರು? ಕಂಪ್ಯೂಟರ್ ಓದುತ್ತದೆ ಎನ್ನುವವರ ಉತ್ಸಾಹಕ್ಕೆ ನನ್ನದೊಂದು ತಕರಾರಿದೆ. 2018ರಲ್ಲಿ ಚೆನ್ನೈನವರೇ ಪ್ರಕಟಿಸಿದ ಪರೀಕ್ಷೆಯಲ್ಲಿ ಮೊಬೈಲು ಚಿತ್ರಗಳನ್ನು ಓದಿದ ತಂತ್ರಾಂಶ ರೋಗವಿದ್ದವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯನ್ನು ಪತ್ತೆಹಚ್ಚಿತು. ಆದರೆ ರೋಗವಿಲ್ಲದ ಐವರಲ್ಲಿ ಒಬ್ಬರಿಗೂ ರೋಗವಿದೆಯೆಂದಿತು. ಆಸ್ಪತ್ರೆಯ ಪಕ್ಕದಲ್ಲಿರುವವರಿಗೆ ಇದು ಸಣ್ಣ ತಪ್ಪು. ಕೂಲಿ ಬಿಟ್ಟು ಬಂದವನಿಗೆ 'ಏನೂ ಇಲ್ಲ, ಹೋಗಪ್ಪ' ಎಂದು ಕಳಿಸಿದರೆ ಮುಂದಿನ ವರ್ಷ ಅವನು ಬರುತ್ತಾನೆಯೆ?

ಹಾಗಾಗಿ ದೂರದಲ್ಲಿ ಕುಳಿತ ನೇತ್ರತಜ್ಞರ ಕಣ್ಣು ಅನಿವಾರ್ಯ. ಅದಕ್ಕೆ ಮಾದರಿ ನಮ್ಮ ರಾಜ್ಯದಲ್ಲೇ ಇದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾವನ್ನು ಜಿಲ್ಲೆಗಳಲ್ಲೇ ತಂತ್ರಜ್ಞರು ಚಿತ್ರಿಸಿ, ದೂರದಿಂದ ವೈದ್ಯರು ಓದುವ 'ಕಿಡ್ರಾಪ್' ಕಾರ್ಯಕ್ರಮವನ್ನು ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿತು. ಅಲ್ಲಿನ ಕ್ಯಾಮೆರಾ ಮೊಬೈಲಲ್ಲ, ಬಲು ದುಬಾರಿಯದು. ಆದರೂ ಕೆಲಸ ನಡೆಯಿತು. ತರಬೇತಾದ ಕೈ, ನಿಗದಿತ ದಿನ, ಚಿಕಿತ್ಸೆಯ ಏರ್ಪಾಡು, ಮೂರೂ ಅದರ ಬೆನ್ನಿಗಿದ್ದವು.

ಮಾವನನ್ನು ಕೊನೆಗೂ ಕರೆತಂದೆ. ಎಡಗಣ್ಣಿನ ಚಿತ್ರದಲ್ಲಿ ಕೆಂಪು ಚುಕ್ಕೆಗಳು, ಹಳದಿ ಕಲೆಗಳು. ಪರದೆಯ ಮೇಲೆ ತಮ್ಮ ಕಣ್ಣನ್ನೇ ಕಂಡ ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾನು ವರ್ಷಗಟ್ಟಲೆ ಹೇಳಿದ್ದನ್ನು ಆ ಚಿತ್ರ ಎರಡು ನಿಮಿಷದಲ್ಲಿ ಹೇಳಿತ್ತು. ಲೇಸರ್ ಚಿಕಿತ್ಸೆಗೆ ಅವರೇ ದಿನ ಕೇಳಿದರು.

ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಜನ ಹೇಗೂ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ವರ್ಷಕ್ಕೊಮ್ಮೆ ಅದೇ ದಿನ, ಅದೇ ಸಾಲಿನಲ್ಲಿ ಕಣ್ಣಿನ ಚಿತ್ರವನ್ನೂ ತೆಗೆಯಬಹುದು. ತೆಗೆಯುವುದನ್ನು ನೇತ್ರ ಸಹಾಯಕರಿಗೋ ದಾದಿಯರಿಗೋ ಕಲಿಸಬಹುದು. ಉಪಕರಣಕ್ಕೆ ಹಣ ಇಡುವಾಗ, ಚಿತ್ರದಲ್ಲಿ ದೋಷ ಕಂಡವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಮರಳಿ ಬಿಡುವ ವಾಹನಕ್ಕೂ, ಜೊತೆಗೆ ಬರುವವರ ಊಟಕ್ಕೂ ಆರೋಗ್ಯ ಇಲಾಖೆ ಅದೇ ಕಡತದಲ್ಲಿ ಒಂದಿಷ್ಟು ಮೊತ್ತ ಬರೆದುಕೊಳ್ಳಲಿ.