ಡ್ರ್ಯಾಗನ್ ಕಡಗ: ತೂಕವೆಲ್ಲ ಬೆಳ್ಳಿಯಲ್ಲ

ಮಣಿಕಟ್ಟನ್ನು ಬಳಸಿದ ದಪ್ಪನೆಯ ಮೈ, ಅದರ ಮೇಲೆ ಒತ್ತೊತ್ತಾದ ಹುರುಪೆ, ತುದಿಯಲ್ಲಿ ಬಾಯ್ದೆರೆದ ಡ್ರ್ಯಾಗನ್ ತಲೆ, ಹಣೆಯಲ್ಲೊಂದು ಕೆಂಪು ಹರಳು. ಮಹಾನಗರಗಳ ಆಭರಣ ಮಳಿಗೆಗಳಲ್ಲಿಯೂ ಅಂತರ್ಜಾಲದ ಅಂಗಡಿಗಳಲ್ಲಿಯೂ ಕಾಣಸಿಗುವ ಈ ಬೆಳ್ಳಿ ಕಡಗಕ್ಕೆ ಪುರುಷ ಗ್ರಾಹಕರೂ ಮನಸೋಲುತ್ತಾರೆ. ಕೈಯಲ್ಲಿ ಹಿಡಿದಾಗ ಅರಿವಾಗುವ ಭಾರವೇ ಇದರ ಮುಖ್ಯ ಆಕರ್ಷಣೆ. ಆದರೆ ಆ ಭಾರದಲ್ಲಿ ಬೆಳ್ಳಿಯ ಪಾಲೆಷ್ಟು? ಬೆಳ್ಳಿಯ ಧಾರಣೆ 2024ರಲ್ಲಿ ಕಿಲೋಗೆ ಒಂದು ಲಕ್ಷ ರೂಪಾಯಿಯ ಗಡಿ ಮುಟ್ಟಿದ ಬಳಿಕ ಈ ಪ್ರಶ್ನೆಗೆ ಹಿಂದೆಂದಿಗಿಂತ ಹೆಚ್ಚಿನ ಮಹತ್ವ ಬಂದಿದೆ.

ಬಾಲಿಯಿಂದ ಬಂದ ವಿನ್ಯಾಸ

ಪ್ರಾಣಿಯ ತಲೆಗಳು ಎದುರುಬದುರಾಗಿರುವ, ಬಾಯಿ ತೆರೆದ ಕಡಗದ ಕಲ್ಪನೆ ಹೊಸದಲ್ಲ. ಅಮು ದರಿಯಾ ನದಿಯ ದಂಡೆಯಲ್ಲಿ 19ನೆಯ ಶತಮಾನದಲ್ಲಿ ದೊರೆತ ಆಕ್ಸಸ್ ನಿಧಿಯಲ್ಲಿ ಇಂತಹ ಚಿನ್ನದ ತೋಳ್ಬಳೆಗಳಿವೆ. ಕ್ರಿಸ್ತಪೂರ್ವ 5-4ನೆಯ ಶತಮಾನದ ಪರ್ಷಿಯನ್ ಕಸುಬಿನ ಈ ಆಭರಣಗಳ ತುದಿಯಲ್ಲಿರುವುದು ಹದ್ದು-ಸಿಂಹಗಳು ಬೆರೆತ ಗ್ರಿಫಿನ್ ಎಂಬ ಕಾಲ್ಪನಿಕ ಪ್ರಾಣಿ. ಒಂದು ಕಾಲಕ್ಕೆ ಹರಳುಗಳನ್ನು ಕೂರಿಸಿದ್ದ ಗುಳಿಗಳು ಇಂದು ಬರಿದಾಗಿವೆ. ಲೋಹ ಉಳಿಯಿತು, ಹರಳು ಕಳಚಿತು. ಇಂದಿನ ಗ್ರಾಹಕನೂ ನೆನಪಿಡಬೇಕಾದ ಪಾಠವಿದು.

ಈಗಿನ ಬೆಳ್ಳಿಯ ಡ್ರ್ಯಾಗನ್ ಆಭರಣಗಳ ಹೆಸರಾಂತ ನೆಲೆಗಳಲ್ಲೊಂದು ಇಂಡೋನೇಷ್ಯಾದ ಬಾಲಿ ದ್ವೀಪ. ಅಲ್ಲಿನ ಗಿಯಾನ್ಯಾರ್ ಜಿಲ್ಲೆಯ ಚೆಲುಕ್ ಗ್ರಾಮ ಅಕ್ಕಸಾಲಿಗರ ಊರೆಂದೇ ಪ್ರಸಿದ್ಧ. ಪ್ರವಾಸಿಗರು ಡ್ರ್ಯಾಗನ್ ಎಂದು ಕರೆಯುವ ಆಕೃತಿ ಬಾಲಿಯವರಿಗೆ 'ನಾಗ'. ಅವರ ನಂಬಿಕೆಯಲ್ಲಿ ಜಗತ್ತನ್ನು ಹೊತ್ತ ಆಮೆಯನ್ನು ಸುತ್ತಿಕೊಂಡಿರುವ ನಾಗಗಳ ಹೆಸರು ಬಸುಕಿ ಮತ್ತು ಅನಂತಭೋಗ. ಇವು ನಮ್ಮ ವಾಸುಕಿ, ಅನಂತರೇ ಎಂಬುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಸಣ್ಣ ಬೆಳ್ಳಿಯ ಗುಂಡುಗಳನ್ನು ಸಾಲಾಗಿ ಬೆಸೆಯುವುದು, ಆಭರಣದ ತಗ್ಗುಗಳನ್ನು ಕಪ್ಪಾಗಿಸಿ ಉಬ್ಬುಗಳನ್ನು ಹೊಳೆಯಿಸುವುದು ಬಾಲಿ ಕೆಲಸದ ಹೆಗ್ಗುರುತು.

'925' ಎಂದರೇನು?

ಅಪ್ಪಟ ಬೆಳ್ಳಿ ಮೃದು. ಅದರಲ್ಲಿ ಮಾಡಿದ ಕಡಗ ಬೇಗನೆ ಸೊಟ್ಟಗಾಗುತ್ತದೆ, ಹರಳಿನ ಹಿಡಿ ಸಡಿಲಗೊಳ್ಳುತ್ತದೆ. ಆದ್ದರಿಂದ ಸಾವಿರ ಭಾಗಗಳಲ್ಲಿ 925 ಭಾಗ ಬೆಳ್ಳಿಗೆ ಉಳಿದ 75 ಭಾಗ ಸಾಮಾನ್ಯವಾಗಿ ತಾಮ್ರವನ್ನು ಬೆರೆಸಲಾಗುತ್ತದೆ. ಇದೇ ಸ್ಟರ್ಲಿಂಗ್ ಬೆಳ್ಳಿ. ಇಂಗ್ಲೆಂಡಿನ ಮೊದಲನೆಯ ಎಡ್ವರ್ಡ್ ದೊರೆ 1300ರಲ್ಲಿ ಬೆಳ್ಳಿಯ ವಸ್ತುಗಳು ಈ ಮಟ್ಟಕ್ಕಿಂತ ಕಡಿಮೆಯಿರಬಾರದೆಂದು ಶಾಸನ ಮಾಡಿ, ಪರೀಕ್ಷೆಯಲ್ಲಿ ಗೆದ್ದವುಗಳಿಗೆ ಚಿರತೆಯ ತಲೆಯ ಮುದ್ರೆ ಒತ್ತಿಸಿದನು. ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನವಾದ 'ಗೋಲ್ಡ್‌ಸ್ಮಿತ್ಸ್ ಹಾಲ್'ನಲ್ಲಿ ಮುದ್ರೆ ಒತ್ತುತ್ತಿದ್ದುದರಿಂದಲೇ 'ಹಾಲ್‌ಮಾರ್ಕ್' ಎಂಬ ಹೆಸರು ಬಂದಿತು.

ಭಾರತದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ವ್ಯವಸ್ಥೆ 2005ರಲ್ಲಿ ಆರಂಭವಾಯಿತು. 2025ರ ಸೆಪ್ಟೆಂಬರ್ 1ರಿಂದ ಭಾರತೀಯ ಮಾನಕ ಬ್ಯೂರೋ ಇದಕ್ಕೆ ಆರು ಅಕ್ಷರ-ಅಂಕಿಗಳ ವಿಶಿಷ್ಟ ಗುರುತು ಸಂಖ್ಯೆಯನ್ನು (ಎಚ್‌ಯುಐಡಿ) ಸೇರಿಸಿದೆ. ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ನಮೂದಿಸಿ ಆಭರಣದ ಶುದ್ಧತೆಯನ್ನು ತಾಳೆ ನೋಡಬಹುದು. ಆದರೆ ಚಿನ್ನದಂತೆ ಕಡ್ಡಾಯಗೊಳಿಸದೆ, ಬೆಳ್ಳಿಯ ಹಾಲ್‌ಮಾರ್ಕನ್ನು ಸ್ವಯಂಪ್ರೇರಿತ ನೆಲೆಯಲ್ಲಿಯೇ ಜಾರಿಗೆ ತರಲಾಯಿತು. ಹೀಗಾಗಿ ಕಡಗದ ಒಳಮೈಯಲ್ಲಿ ಬರಿದೇ '925' ಎಂಬ ಅಂಕಿಯಿದ್ದರೆ ಅದು ತಯಾರಕನ ಮಾತೇ ಹೊರತು ಪರೀಕ್ಷಾ ಕೇಂದ್ರದ ಸಾಕ್ಷಿಯಲ್ಲ.

ಮೋಸ ಎಲ್ಲೆಲ್ಲಿ?

ಮೊದಲನೆಯದು ಲೋಹದಲ್ಲಿ. 'ಜರ್ಮನ್ ಸಿಲ್ವರ್' ಎಂಬ ಹೆಸರಿನ ಲೋಹದಲ್ಲಿ ಬೆಳ್ಳಿಯ ಲವಲೇಶವೂ ಇರುವುದಿಲ್ಲ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ. ನಿಕಲ್ ಒಗ್ಗದವರ ಮಣಿಕಟ್ಟಿನಲ್ಲಿ ತುರಿಕೆ, ಗುಳ್ಳೆ ಏಳುವುದುಂಟು. 'ಆಕ್ಸಿಡೈಸ್ಡ್' ಎಂಬ ಮಾತೂ ದಾರಿ ತಪ್ಪಿಸುತ್ತದೆ. ಅದು ಮೇಲಿನ ಕಪ್ಪು ಬಣ್ಣವನ್ನು ಹೇಳುತ್ತದೆಯೇ ವಿನಾ ಒಳಗಿನ ಲೋಹವನ್ನಲ್ಲ. ಅಯಸ್ಕಾಂತದ ಪರೀಕ್ಷೆಯನ್ನೂ ಪೂರ್ಣ ನಂಬುವಂತಿಲ್ಲ. ಕಡಗ ಅಂಟಿಕೊಂಡರೆ ಒಳಗೆ ಕಬ್ಬಿಣವಿದೆಯೆಂದು ತಿಳಿಯಬಹುದು; ಆದರೆ ಹಿತ್ತಾಳೆ, ತಾಮ್ರಗಳೂ ಬೆಳ್ಳಿಯಂತೆಯೇ ಅಂಟುವುದಿಲ್ಲ.

ಎರಡನೆಯದು ತೂಕದಲ್ಲಿ. ಒಂದು ಉದಾಹರಣೆ ನೋಡೋಣ. ಕಡಗದ ಒಟ್ಟು ತೂಕ 80 ಗ್ರಾಂ, ಹರಳು 25 ಕ್ಯಾರಟ್ ಎಂದಿಟ್ಟುಕೊಳ್ಳಿ. ಒಂದು ಕ್ಯಾರಟ್ ಎಂದರೆ 0.2 ಗ್ರಾಂ, ಹಾಗಾಗಿ ಹರಳು 5 ಗ್ರಾಂ. ಉಳಿದ ಲೋಹ 75 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 69.4 ಗ್ರಾಂ ಮಾತ್ರ. ಎಂಬತ್ತು ಗ್ರಾಂಗೂ ಅಪ್ಪಟ ಬೆಳ್ಳಿಯ ದರ ತೆತ್ತವನು ಹತ್ತು ಗ್ರಾಂಗೂ ಹೆಚ್ಚು ಬೆಳ್ಳಿಯ ಹಣವನ್ನು ಸುಮ್ಮನೆ ಕಳೆದುಕೊಂಡಂತಾಯಿತು. ಮುಂದೊಂದು ದಿನ ಮಾರಲು ಹೋದಾಗ ಕೊಳ್ಳುವವನು ಈ ಲೆಕ್ಕವನ್ನು ತಪ್ಪದೆ ಮಾಡುತ್ತಾನೆ.

ಮೂರನೆಯದು ಹರಳಿನಲ್ಲಿ. ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿಗಲ್ಲು ಫಿರೋಜಾ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಬಿರುಕುಗಳಿಗೆ ಸೀಸದ ಗಾಜು ತುಂಬಿದ ಅಗ್ಗದ ಮಾಣಿಕ್ಯಗಳೂ ಇವೆ. ಬೆಸುಗೆಯ ಬಿಸಿ ಅಥವಾ ಆಮ್ಲ ತಾಗಿದರೆ ಈ ಗಾಜು ಕೆಡುತ್ತದೆ. ನಿಂಬೆರಸವೂ ಅದಕ್ಕೆ ಹಾನಿಕರ.

ಕೊಳ್ಳುವ ಮುನ್ನ, ಕೊಂಡ ಬಳಿಕ

ಬಿಲ್ಲಿನಲ್ಲಿ ಲೋಹದ ನಿವ್ವಳ ತೂಕ, ಶುದ್ಧತೆ, ಹರಳಿನ ಹೆಸರು ಹಾಗೂ ತೂಕ, ಮಜೂರಿ ಇವು ಬೇರೆಬೇರೆಯಾಗಿ ನಮೂದಾಗಿರಲಿ. ಹರಳಿಗೆ ಯಾವುದಾದರೂ ಸಂಸ್ಕರಣೆ ಆಗಿದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಸಂಶಯವಿದ್ದಲ್ಲಿ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರವೇ ದಾರಿ.

ಬಾಯಿ ತೆರೆದ ಕಡಗವನ್ನು ಪ್ರತಿ ಬಾರಿ ಹಿಗ್ಗಿಸಿ ತೊಡುವುದು ತಪ್ಪು. ಬಾಗಿದಷ್ಟೂ ಬೆಳ್ಳಿ ಗಡುಸಾಗಿ ಕೊನೆಗೆ ಸೀಳುತ್ತದೆ. ಮಣಿಕಟ್ಟಿನ ಕಿರಿದಾದ ಪಕ್ಕದಿಂದ ಓರೆಯಾಗಿ ತೂರಿಸುವುದು ಕ್ಷೇಮ. ಗಾಳಿಯಲ್ಲಿನ ಗಂಧಕದ ಅನಿಲದಿಂದ ಬೆಳ್ಳಿ ಕಪ್ಪಾಗುವುದು ಸಹಜ. ಅದು ಕಲಬೆರಕೆಯ ಲಕ್ಷಣವಲ್ಲ. ಮೆದು ಬಟ್ಟೆಯಿಂದ ಒರೆಸಿದರೆ ಸಾಕು. ರಾಸಾಯನಿಕ ದ್ರಾವಣದಲ್ಲಿ ಅದ್ದಿದರೆ ಕುಸುರಿಯನ್ನು ಎತ್ತಿ ತೋರಿಸುವ ಕಪ್ಪೂ ತೊಳೆದುಹೋಗಿ, ಡ್ರ್ಯಾಗನ್ ಮುಖವೇ ಮಂಕಾದೀತು.

ಕುಸುರಿಗೆ ಮಜೂರಿ ಕೊಡುವುದರಲ್ಲಿ ತಪ್ಪೇನಿಲ್ಲ. ಅದು ಕೈಕಸುಬಿಗೆ ಸಲ್ಲಬೇಕಾದ ಗೌರವ. ಕಲ್ಲಿಗೆ ಬೆಳ್ಳಿಯ ಬೆಲೆ ತೆರಬಾರದು, ಅಷ್ಟೆ.