ಪ್ರಬಂಧಗಳ ಎಣಿಕೆಯೂ ವಿದ್ವತ್ತಿನ ತೂಕವೂ

ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞ, ಭಾರತರತ್ನ ಸಿ. ಎನ್. ಆರ್. ರಾವ್ ಮಹಾಶಯರು 1500ಕ್ಕೂ ಮಿಕ್ಕಿ ಸಂಶೋಧನ ಪ್ರಬಂಧಗಳನ್ನು ಪ್ರಕಟಿಸಿದವರು. 2013ರಲ್ಲಿ ಅವರ ‘ಎಚ್-ಸೂಚ್ಯಂಕ’ವು ನೂರನ್ನು ಮುಟ್ಟಿತು, ಎಂದರೆ, ಅವರ ನೂರು ಪ್ರಬಂಧಗಳಲ್ಲಿ ಒಂದೊಂದೂ ಇತರ ಬರಹಗಳಲ್ಲಿ ಕನಿಷ್ಠ ನೂರು ಬಾರಿ ಉಲ್ಲೇಖಗೊಂಡಿತ್ತು. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯಿದು.

ಆದರೆ 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿಯು ರೂಪಿಸಿದ ಈ ಅಳತೆಗೋಲಿಗೂ ಒಂದು ಮಿತಿಯುಂಟು. ಮುಂದೆ ನಮ್ಮೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಜಿ. ಎನ್. ರಾಮಚಂದ್ರನ್ ಅವರು, ಮದರಾಸಿನಲ್ಲಿದ್ದಾಗ 1963ರಲ್ಲಿ, ಇಬ್ಬರು ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಬಂಧವೊಂದು, ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲುದೆಂಬುದನ್ನು ತೋರಿಸಿತು. ಪ್ರೋಟೀನುಗಳ ರಚನೆಯು ಸರಿಯೆ ಎಂದು ಇಂದಿಗೂ ಅವರ ಹೆಸರಿನ ನಕ್ಷೆಯಿಂದ ಪರೀಕ್ಷಿಸುವರು. ಸೂಚ್ಯಂಕದ ಲೆಕ್ಕದಲ್ಲಾದರೋ ಅದು ಒಂದೇ ಒಂದು!

ಅಧ್ಯಾಪಕರ ನೇಮಕ, ಬಡ್ತಿಗಳನ್ನು ನಿರ್ಣಯಿಸುವ ಅಧಿಕಾರಿಗಳು ಇದನ್ನು ಮರೆಯಲಾಗದು. ಎಣಿಕೆಯಿಂದಲೇ ಬಡ್ತಿ ದೊರೆಯುವುದಾದರೆ, ತರುಣರು ಒಂದು ಪ್ರಬಂಧಕ್ಕಾಗುವ ಸಾಮಗ್ರಿಯನ್ನು ನಾಲ್ಕಾಗಿ ಹಂಚಿ ಬರೆಯುವರು. ಹತ್ತು ವರ್ಷದ ತಪಸ್ಸನ್ನು ಕೈಗೊಳ್ಳುವವರಾರು? ಸಂಖ್ಯೆಯನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ನೋಡಿದ ಮೇಲೆ, ಅಭ್ಯರ್ಥಿಯ ಎರಡು ಮೂರು ಪ್ರಬಂಧಗಳನ್ನಾದರೂ ಓದಿ ತೀರ್ಮಾನಿಸಿರೆಂದಷ್ಟೇ ನಮ್ಮ ಬಿನ್ನಹ.