ಹಿಮ್ಮಡಿ ನರ ಹರಿದರೆ ಅದು ಉಳುಕಲ್ಲ!

ಜಗಳೂರು, ನ್ಯಾಮತಿ ಕಡೆ ಪೊಲೀಸ್ ನೌಕರಿಯ ಆಸೆ ಹೊತ್ತ ಹುಡುಗರು ಬೆಳಗಿನ ಜಾವ ಓಡುವುದು ಹೊಸದೇನಲ್ಲ. ಕಾನ್ಸ್‌ಟೇಬಲ್ ಆಗಬೇಕೆಂದರೆ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ವರ್ಷವೆಲ್ಲಾ ಸುಮ್ಮನಿದ್ದು, ಅರ್ಜಿ ಕರೆದ ಮೇಲೆ ಎದ್ದುಬಿದ್ದು ಓಡುವವರೂ ಉಂಟು. ಅಂಥವರಿಗೆ ಹಿಮ್ಮಡಿಯ ಹಿಂದೆ ನೋವು ಶುರುವಾದರೆ ಅದು ಕಾಲು ಕೊಡುತ್ತಿರುವ ನೋಟೀಸು!

ಜನ ಇದನ್ನು ನರ ಅಂತಾರೆ, ಡಾಕ್ಟರು ಅಕಿಲೀಸ್ ಟೆಂಡನ್ ಅಂತಾರೆ. ಮೀನಖಂಡದ ಮಾಂಸವೆಲ್ಲಾ ಕೆಳಗಿಳಿದು, ಹುರಿಗೊಂಡು, ಹಿಮ್ಮಡಿ ಮೂಳೆಗೆ ಬಿಗಿದ ಹಗ್ಗವಿದು. ಮೈಯಲ್ಲಿ ಇದಕ್ಕಿಂತ ಗಟ್ಟಿ ಹಗ್ಗ ಇನ್ನೊಂದಿಲ್ಲ. ಓಡುವಾಗ ಮೈತೂಕದ ಹಲವು ಪಟ್ಟು ಭಾರ ಎಳೆಯುತ್ತದೆ. ಆದರೆ ಹಿಮ್ಮಡಿಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ ರಕ್ತದ ಓಡಾಟ ಕಮ್ಮಿ. ಸಾಮಾನ್ಯವಾಗಿ ಹರಿಯುವುದೂ ಅಲ್ಲೇ.

30 ದಾಟಿದ ಮೇಲೆ ಹಬ್ಬಕ್ಕೊಮ್ಮೆ ಕಬಡ್ಡಿಗೆ ಇಳಿಯುವ ಗಂಡಸರು ಹುಷಾರಾಗಿರಬೇಕು. ಯಾರೋ ಹಿಂದಿನಿಂದ ಒದ್ದಂತಾಗುತ್ತದೆ. ತಿರುಗಿ ನೋಡಿದರೆ ಯಾರೂ ಇರೋದಿಲ್ಲ!

ಮೋಸ ಏನಪ್ಪಾ ಅಂದರೆ, ಹರಿದ ಮೇಲೂ ಕುಂಟುತ್ತಾ ನಡೆಯಬಹುದು. ಉಳುಕು ಅಂತ ಎಣ್ಣೆ ತಿಕ್ಕಿಸಿಕೊಂಡು ವಾರಗಟ್ಟಲೆ ಕಳೆದರೆ ಕೆಟ್ಟಿತು. ಬೋರಲು ಮಲಗಿಸಿ ಮೀನಖಂಡ ಹಿಂಡಿದಾಗ ಪಾದ ಅಲುಗಬೇಕು. ಅಲುಗದಿದ್ದರೆ ಹರಿದಿದೆ ಎಂದೇ ಅನುಮಾನ. ಬೇಗ ಆಸ್ಪತ್ರೆಗೆ ಹೋದರೆ ಪಟ್ಟಿ ಹಾಕಿಯೋ ಆಪರೇಷನ್ ಮಾಡಿಯೋ ಕೂಡಿಸುತ್ತಾರೆ. ತಡವಾದರೆ ಹರಿದ ತುದಿಗಳು ದೂರ ಸರಿದು ಆಪರೇಷನ್ನೂ ದೊಡ್ಡದಾಗುತ್ತದೆ. ಚನ್ನಗಿರಿಯಲ್ಲಿ ಅಡಿಕೆ ಮರ ಹತ್ತುವವನಿಗೆ, ಹೊನ್ನಾಳಿಯಲ್ಲಿ ಚೀಲ ಹೊರುವವನಿಗೆ ಮುಂಗಾಲ ಮೇಲೆ ನಿಲ್ಲುವ ಬಲ ಹೋದರೆ ಕೂಲಿಯೂ ಹೋದಂತೆ.

ಕುಡುಗೋಲು ತಾಗಿ, ಇಲ್ಲವೇ ಒಡೆದ ಕಕ್ಕಸಿನ ಬೇಸಿನ್ನಿಗೆ ಕಾಲು ಜಾರಿ ಹಿಮ್ಮಡಿ ಕೊಯ್ದುಕೊಂಡವರು, ಮೇಲಿನ ಚರ್ಮಕ್ಕೆ ಹೊಲಿಗೆ ಬಿತ್ತು ಅಂತ ಸುಮ್ಮನಾಗಬಾರದು. ಒಳಗಿನ ನರವನ್ನೂ ತೋರಿಸಿಕೊಳ್ಳಬೇಕು.

ಇನ್ನೊಂದು ಮಾತು. ಭೇದಿ, ಮೂತ್ರದ ಉರಿ ಅಂತ ಚೀಟಿ ಇಲ್ಲದೆ ನುಂಗುವ ಸಿಪ್ರೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳಿಂದಲೂ ಅಪರೂಪಕ್ಕೆ ಈ ನರ ಹರಿಯುವುದುಂಟು. 2008ರಲ್ಲಿ ಅಮೆರಿಕಾದ ಔಷಧ ಇಲಾಖೆ ಈ ಮಾತ್ರೆಗಳಿಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಡಾಕ್ಟರು ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸುವುದೂ ಬೇಡ.

ಓಡುವ ಹುಡುಗರು ಓಟವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಲಿ. ನೋವು ಕಂಡರೆ ತಗ್ಗಿಸಲಿ, ನೋವಿನ ಮಾತ್ರೆ ನುಂಗಿ ಓಡುವುದು ಬೇಡ. ನೌಕರಿಯೂ ಸಿಗಲಿ, ಕಾಲೂ ಉಳಿಯಲಿ.